ಮಲೆನಾಡಿನ ಮಳೆಗಾಲದಲ್ಲಿ ಡ್ರಿಲ್ ಬಿಟ್, ಟ್ಯಾಪ್, ಉಳಿಗಳನ್ನು ಜೋಡಿಸಿಡುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂಬದಿಯಲ್ಲಿ, ಅಡಿಕೆ ಬೇಯಿಸುವ ಒಲೆಗೆ ಹೊಂದಿಕೊಂಡಿರುವ ಕೋಣೆಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇದೆ. ತೋಟದ ಯಂತ್ರಗಳ ರಿಪೇರಿಯೂ ಬಿಡುವಿನ ಮರಗೆಲಸವೂ ಅಲ್ಲಿಯೇ ನಡೆಯುತ್ತವೆ. 1ರಿಂದ 13 ಮಿ.ಮೀ.ವರೆಗಿನ ಹೈಸ್ಪೀಡ್ ಸ್ಟೀಲ್ ಡ್ರಿಲ್ ಬಿಟ್‌ಗಳು, ತೂತಿನೊಳಗೆ ತಿರುಪು ಕೊರೆಯುವ ಎಂ3ರಿಂದ ಎಂ10ರವರೆಗಿನ (ಅಂದರೆ 3ರಿಂದ 10 ಮಿ.ಮೀ. ಬೋಲ್ಟಿಗೆ ಹೊಂದುವ) ಟ್ಯಾಪ್ ಸೆಟ್‌ಗಳು, ಮರದಲ್ಲಿ ಗಾಡಿ ಕೊರೆಯುವ, ಕಾರ್ಬೈಡ್ ಬಾಯಿಯ ರೂಟರ್ ಬಿಟ್‌ಗಳು ಮತ್ತು ತಂದೆಯವರ ಕಾಲದ ಕೆತ್ತನೆ ಉಳಿಗಳು ಈಗ ತಗಡಿನ ಡಬ್ಬಗಳಲ್ಲಿ ಬೆರೆತುಕೊಂಡಿವೆ. ಬೇಕಾದ ಅಳತೆಯ ಬಿಟ್ ಹುಡುಕುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಿನ ಚಿಂತೆ ಎಂದರೆ ಆರಿದ್ರಾ ಮಳೆ ಹಿಡಿದ ಮೇಲೆ ಎಲ್ಲದರ ಮೇಲೂ ತುಕ್ಕಿನ ಪುಡಿ ಕಾಣಿಸಿಕೊಳ್ಳುತ್ತದೆ.

ಮನೆಯಲ್ಲಿ ಹಲಸಿನ ಮರದ ತುಂಡುಗಳಿವೆ. ಅವುಗಳಿಂದ ಖಾನೆಗಳುಳ್ಳ ಪೆಟ್ಟಿಗೆ ಮಾಡಿ, ಒಳಗೆ ಸ್ಪಂಜು ಹಾಸಿ, ಪಶ್ಚಿಮದ ಗೋಡೆಗೆ ತೂಗುಹಾಕುವ ಯೋಚನೆ ಇದೆ. ಬಗೆಬಗೆಯ ಹತಾರಗಳನ್ನು ಯಾವ ಕ್ರಮದಲ್ಲಿ ವಿಂಗಡಿಸಬೇಕು, ಈ ಪೆಟ್ಟಿಗೆ ನಮ್ಮ ಹವೆಗೆ ಒಗ್ಗುತ್ತದೆಯೇ ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ವಿನಂತಿ.

ಉತ್ತರ: ಶಿವಮೊಗ್ಗದಿಂದ

ಮಾನ್ಯರೇ, ನಾನು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ನಡುವೆ ಕೆಲಸ ಮಾಡಿದವನು. ವಿಂಗಡಣೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಡ್ರಿಲ್‌ಗಳೆಲ್ಲ ಒಂದು ಕಡೆ, ಟ್ಯಾಪ್‌ಗಳೆಲ್ಲ ಇನ್ನೊಂದು ಕಡೆ ಎಂಬ ಕ್ರಮ ನೋಡಲು ಅಚ್ಚುಕಟ್ಟಾಗಿರುತ್ತದೆಯೇ ಹೊರತು ಕೆಲಸಕ್ಕೆ ನಿಂತಾಗ ನೆರವಾಗುವುದಿಲ್ಲ. ಒಂದೇ ಕೆಲಸಕ್ಕೆ ಒಟ್ಟಿಗೆ ಬೇಕಾಗುವವನ್ನು ಒಟ್ಟಿಗೆ ಇಡುವುದೇ ಸರಿ. ಎಂ6 ಟ್ಯಾಪಿನ ಪಕ್ಕದಲ್ಲಿ, ಅದಕ್ಕೆ ಮೊದಲು ತೂತು ಕೊರೆಯಲು ಬೇಕಾಗುವ 5 ಮಿ.ಮೀ. ಡ್ರಿಲ್ ಇರಲಿ, ಹಾಗೆಯೇ ಎಂ4ಕ್ಕೆ 3.3, ಎಂ5ಕ್ಕೆ 4.2, ಎಂ8ಕ್ಕೆ 6.8, ಎಂ10ಕ್ಕೆ 8.5 ಮಿ.ಮೀ. ಡ್ರಿಲ್‌ಗಳನ್ನು, ಸಾಮಾನ್ಯ ಡ್ರಿಲ್ ಸಾಲಿನಲ್ಲಿ ಅದೇ ಅಳತೆಯವು ಇದ್ದರೂ, ಟ್ಯಾಪಿಗೆಂದೇ ಪ್ರತ್ಯೇಕವಾಗಿ ಕೊಂಡು ಜೊತೆಗಿಡಿ. ಕೈ ಟ್ಯಾಪಿನ ಸೆಟ್‌ನಲ್ಲಿ ಮೂರು ಇರುತ್ತವೆ. ಸಾಮಾನ್ಯವಾಗಿ ಹಿಡಿಯ ಭಾಗದಲ್ಲಿ ಒಂದು ಉಂಗುರದ ಗುರುತಿರುವುದು ಮೊದಲನೆಯದು, ಎರಡು ಉಂಗುರಗಳಿರುವುದು ಎರಡನೆಯದು, ಗುರುತೇ ಇಲ್ಲದ್ದು ಕೊನೆಯದು. ಅದೇ ಕ್ರಮದಲ್ಲಿ ನಿಲ್ಲಿಸಿದರೆ ಮಂದ ಬೆಳಕಿನಲ್ಲೂ ಕೈ ತಪ್ಪುವುದಿಲ್ಲ.

ರೂಟರ್ ಬಿಟ್‌ಗಳ ವಿಷಯದಲ್ಲಿ ದಯವಿಟ್ಟು ವಿಶೇಷ ಎಚ್ಚರ ವಹಿಸಿ. ನಮ್ಮ ಅಂಗಡಿಗಳಲ್ಲಿ 6 ಮಿ.ಮೀ. ಶ್ಯಾಂಕಿನವೂ (ಶ್ಯಾಂಕ್ ಎಂದರೆ ಯಂತ್ರದೊಳಗೆ ಸೇರುವ ಬಿಟ್ಟಿನ ಬುಡ) ಕಾಲು ಇಂಚಿನವೂ, ಅಂದರೆ 6.35 ಮಿ.ಮೀ.ನವೂ, ಬೆರೆತು ಸಿಗುತ್ತವೆ. ಕಣ್ಣಿಗೆ ಎರಡೂ ಒಂದೇ. ಆದರೆ ಯಂತ್ರದಲ್ಲಿ ಬಿಟ್ಟನ್ನು ಹಿಡಿಯುವ ಕಾಲು ಇಂಚಿನ ಕಾಲೆಟ್‌ಗೆ 6 ಮಿ.ಮೀ. ಬಿಟ್ ಹಾಕಿದರೆ ಹಿಡಿತ ಭದ್ರವಾಗುವುದಿಲ್ಲ, ನಿಮಿಷಕ್ಕೆ 20,000 ಸುತ್ತಿಗೂ ಮೀರಿ ತಿರುಗುವ ಯಂತ್ರದಿಂದ ಬಿಟ್ ಹೊರಕ್ಕೆ ಸಿಡಿಯಬಹುದು. ಇವೆರಡನ್ನೂ ಬೇರೆ ಬೇರೆ ಹಲಗೆಯಲ್ಲಿಟ್ಟು, ಒಂದಕ್ಕೆ ಬಣ್ಣ ಬಳಿಯಿರಿ. ಕಾರ್ಬೈಡ್ ತುಂಬ ಗಡಸು, ಅಷ್ಟೇ ಪೆಡಸು. ಡಬ್ಬದಲ್ಲಿ ಒಂದಕ್ಕೊಂದು ತಾಗಿದರೆ ಬಾಯಿಯ ಅಂಚು ಚಕ್ಕೆಯೇಳುತ್ತದೆ. ಆದ್ದರಿಂದ ಎರಡು ಬಿಟ್‌ಗಳ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟೇ ತೂತು ಕೊರೆಯಬೇಕು.

ಡ್ರಿಲ್‌ಗಳ ಮೇಲಿನ ಅಂಕಿಗಳು ಸವೆದುಹೋಗುವುದರಿಂದ, ಅಳತೆಯನ್ನು ಹಲಗೆಯಲ್ಲಿಯೇ ನಂಬರ್ ಪಂಚಿನಿಂದ ಒತ್ತಿಬಿಡಿ. 3 ಮಿ.ಮೀ.ಗಿಂತ ಸಣ್ಣವನ್ನು ತೆರೆದ ಹಲಗೆಯಲ್ಲಿ ನಿಲ್ಲಿಸಬೇಡಿ, ತೋಳು ತಾಗಿದರೂ ಮುರಿಯುತ್ತವೆ. ಮುಚ್ಚಳವಿರುವ ಸಣ್ಣ ಕೊಳವೆಗಳು ಅವಕ್ಕೆ ಸಾಕು. ಮೊಂಡಾದದ್ದನ್ನು ಮತ್ತೆ ಅದರ ಸ್ಥಾನಕ್ಕೆ ಸೇರಿಸದೆ, ಸಾಣೆಗೆಂದೇ ಒಂದು ಡಬ್ಬ ಇಟ್ಟು ಅದಕ್ಕೆ ಹಾಕಿರಿ.

ಉತ್ತರ: ಸಾಗರದಿಂದ

ಮೇಲಿನವರು ಜೋಡಣೆಯ ಬಗ್ಗೆ ಬರೆದದ್ದಕ್ಕೆ ನಾನು ಸೇರಿಸಬೇಕಾದ್ದೇನೂ ಇಲ್ಲ. ಆದರೆ ಆಗುಂಬೆಯಂಥ ಊರಿನಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುವ ಈ ಸೀಮೆಯಲ್ಲಿ, ಹತಾರವನ್ನು ಎಲ್ಲಿ ನಿಲ್ಲಿಸುತ್ತೇವೆ ಎನ್ನುವುದಕ್ಕಿಂತ ಅದರ ಸುತ್ತ ಯಾವ ಗಾಳಿ ಇದೆ ಎನ್ನುವುದೇ ಮುಖ್ಯ. ಗಾಳಿಯ ಸಾಪೇಕ್ಷ ಆರ್ದ್ರತೆ (ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಈಗ ಇರುವ ಪಾಲು) ಸುಮಾರು ಶೇ. 60 ದಾಟಿದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರುತ್ತದೆ. ನಿಮ್ಮ ಕೋಣೆಗೆ ಮಳೆಯ ತೇವ ಮಾತ್ರವಲ್ಲ, ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಯ ಉಗಿಯೂ ಬರುತ್ತದೆ; ಮಳೆ ನಿಂತ ಮೇಲೂ ತುಕ್ಕು ಮುಂದುವರಿದಿದ್ದರೆ ಕಾರಣ ಅದೇ ಇರಬೇಕು. ಒಲೆಯ ಕಡೆಗಿರುವ ಬಾಗಿಲಿಗೆ ಅಂಚಿನಲ್ಲಿ ರಬ್ಬರ್ ಪಟ್ಟಿ ಹಚ್ಚಿಸುವುದು ಮೊದಲ ಕೆಲಸ. ಅಡಿಕೆ ಬೇಯಿಸಿದ ಚೊಗರು ನೀರು ತಾಗಿದ ಕೈಯಲ್ಲಿ ಉಳಿ ಮುಟ್ಟುವುದೂ ಬೇಡ, ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದೊಂದಿಗೆ ಸೇರಿ ಕಪ್ಪು ಕಲೆ ಮಾಡುತ್ತದೆ.

ಪಶ್ಚಿಮದ ಗೋಡೆ ಖಂಡಿತ ಬೇಡ. ನೈರುತ್ಯ ಮಾರುತದ ಇರಚಲೆಲ್ಲ ಆ ಕಡೆಯಿಂದಲೇ ಹೊಡೆಯುವುದರಿಂದ, ಜಂಬಿಟ್ಟಿಗೆಯ ಗೋಡೆಯಾದರೆ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮನೆಯ ಒಳಗೋಡೆಗೆ, ಹಿಂದೆ ರೀಪಿನ ತುಂಡು ಕೊಟ್ಟು ಗಾಳಿ ಆಡುವಂತೆ ತೂಗುಹಾಕಿ.

ಹಲಸಾಗಲಿ ಬೇರೆ ಮರವಾಗಲಿ, ಚೆನ್ನಾಗಿ ಒಣಗಿರದ ಮರ ಮುಚ್ಚಿದ ಪೆಟ್ಟಿಗೆಯೊಳಗೆ ಅಸಿಟಿಕ್ ಆಮ್ಲದ ಆವಿಯನ್ನು ಬಿಡುತ್ತದೆ, ಅದು ಉಕ್ಕನ್ನು ತಿನ್ನುತ್ತದೆ. ಒಣಗಿದ ಮರವೂ ಮಳೆಗಾಲದಲ್ಲಿ ಉಬ್ಬುವುದರಿಂದ, 6 ಮಿ.ಮೀ. ಶ್ಯಾಂಕಿಗೆ 6.5 ಮಿ.ಮೀ. ತೂತು ಕೊರೆಯದಿದ್ದರೆ ಆಷಾಢದಲ್ಲಿ ಬಿಟ್ ಹೊರಗೆ ಬರುವುದಿಲ್ಲ. ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆಯಲ್ಲಿ ತೂತು ಕೊರೆಯುವುದು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಉತ್ತಮ, ಏಕೆಂದರೆ ಅದು ನೀರು ಹೀರುವುದಿಲ್ಲ. ಸ್ಪಂಜು ತೇವವನ್ನು ಹಿಡಿದಿಟ್ಟು ಲೋಹಕ್ಕೆ ಒತ್ತುತ್ತದೆ, ಅದನ್ನು ಕೈಬಿಡಿ. ಚರ್ಮದ ಒರೆಗೂ ಇದೇ ಮಾತು: ಹದ ಮಾಡುವಾಗ ಬಳಸಿದ ಲವಣಗಳು ಅದರಲ್ಲಿ ಉಳಿದಿರುತ್ತವೆ.

ತಂದೆಯವರ ಉಳಿಗಳ ಬಗ್ಗೆ ಹೇಳುವುದಾದರೆ, ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ನೋಡುತ್ತ ಬೆಳೆದ ನನಗೆ ಅಂಥ ಹತಾರಗಳು ಒಂದು ಮನೆಯಲ್ಲಿ ಉಳಿದಿವೆ ಎಂದರೇ ಸಂತೋಷ. ಅವುಗಳ ಬಾಯಿ ಯಾವುದಕ್ಕೂ ತಾಗದಂತೆ, ಹಿಡಿ ಕೆಳಗಾಗಿ, ಒಂದೊಂದಕ್ಕೂ ಪ್ರತ್ಯೇಕ ತೂತಿನಲ್ಲಿ ನಿಲ್ಲಿಸಿ, ಮುಂದೆ ಕೈ ತಾಗದ ಹಾಗೆ ಗಾಜಿನ ಬಾಗಿಲು ಹಾಕಿಸಿ. ಬಟ್ಟೆಯ ಸುರುಳಿ ಒಯ್ಯುವುದಕ್ಕೆ ಮಾತ್ರ ಇರಲಿ. ಕೆಲಸ ಮುಗಿದ ಕೂಡಲೇ ಬೆವರಿನ ಅಂಶ ಹೋಗುವಂತೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ತೆಂಗಿನೆಣ್ಣೆ ನಮ್ಮ ಚಳಿಗೆ ಗಟ್ಟಿಯಾಗುತ್ತದೆ, ಬರುಬರುತ್ತ ಕಮಟುತ್ತದೆ. ಕೆತ್ತನೆಗೆ ಎಣ್ಣೆ ಕಲೆಯಾಗುವ ಭಯವಿದ್ದರೆ ಜೇನುಮೇಣ ತಿಕ್ಕಬಹುದು. ರೂಟರ್ ಬಿಟ್‌ಗೆ ಎಣ್ಣೆ ಹಚ್ಚಿದ್ದರೆ ಕಾಲೆಟ್‌ಗೆ ಹಾಕುವ ಮೊದಲು ಶ್ಯಾಂಕನ್ನು ಪೂರ್ತಿ ಒರೆಸಲೇಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಸ್ಪಂಜು ಮತ್ತು ಪಶ್ಚಿಮದ ಗೋಡೆ ಎರಡನ್ನೂ ಬಿಟ್ಟೆ. ಒಳಗೋಡೆಗೆ ಗಾಜಿನ ಬಾಗಿಲಿನ ಕಪಾಟು ಮಾಡಿಸುತ್ತೇನೆ. ಅದರೊಳಗೆ ಸಣ್ಣ ಬಲ್ಬು ಉರಿಸಿಟ್ಟರೆ ಸಾಕೇ, ಅಥವಾ ತೇವ ಹೀರುವ ಸಿಲಿಕಾ ಜೆಲ್ ಹರಳು ಬೇಕೇ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಭರವಸೆ ಇಲ್ಲ.

ಉತ್ತರ: ಹೊಸನಗರದಿಂದ

ಎರಡೂ ಬೇಕು, ಆದರೆ ಬೇರೆ ಬೇರೆ ಕಡೆ. ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ ಬಿಸಿ ಏರಿದಾಗ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. 25 ಡಿಗ್ರಿಯಲ್ಲಿ ಶೇ. 90 ಇರುವ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು ಶೇ. 67ಕ್ಕೆ, 32 ಡಿಗ್ರಿಗೆ ಕಾಯಿಸಿದರೆ ಸುಮಾರು ಶೇ. 60ಕ್ಕೆ ಇಳಿಯುತ್ತದೆ. ಹೀಗಾಗಿ ಕಪಾಟಿನ ತಳದಲ್ಲಿ ಹಳೆಯ ತಂತಿ ಬಲ್ಬು ಉರಿಯುತ್ತಿರಲಿ. ಎಲ್‌ಇಡಿ ಅಷ್ಟು ಬಿಸಿ ಕೊಡದು. ಬಲ್ಬಿನ ಸುತ್ತ ತಂತಿಜಾಲರಿ ಕಟ್ಟಿಸಿ, ಎಣ್ಣೆಬಟ್ಟೆಯನ್ನು ಆ ಕಪಾಟಿನಲ್ಲಿ ಇಡಲೇಬೇಡಿ.

ಕರೆಂಟು ಹೋದಾಗ ಕಾಪಾಡುವುದು ಸಿಲಿಕಾ ಜೆಲ್. ಆದರೆ ಬಾಗಿಲು ತೆರೆದು ಮುಚ್ಚುವ ದೊಡ್ಡ ಕಪಾಟಿನಲ್ಲಿ ಅದು ಬೇಗ ತೇವ ಕುಡಿದು ಸುಮ್ಮನಾಗುತ್ತದೆ. ಟ್ಯಾಪ್‌ಗಳು, ಸಣ್ಣ ಡ್ರಿಲ್‌ಗಳು, ಅಪರೂಪಕ್ಕೆ ಬೇಕಾಗುವ ಬಿಟ್‌ಗಳು ಇವಿಷ್ಟನ್ನು ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಗಳಲ್ಲಿ ಹಾಕಿ, ಪ್ರತಿಯೊಂದರಲ್ಲೂ ಜೆಲ್ಲಿನ ಚೀಲ ಇಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಚೀಲದಿಂದ ಹೊರತೆಗೆದು ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ್ದನ್ನು ಕೊಳ್ಳಬೇಡಿ. ಅದಕ್ಕೆ ಬಣ್ಣ ಕೊಡುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿ. ಯಾವುದನ್ನೇ ಆಗಲಿ ಅಡುಗೆಯ ಪಾತ್ರೆಯಲ್ಲಿ ಕಾಯಿಸಬಾರದು.

ಇನ್ನೊಂದು ವಿಷಯ: ಬಚ್ಚಲು ತೊಳೆಯುವ ಆಸಿಡ್ಡಿನ ಬಾಟಲಿ ಆ ಕೋಣೆಯಲ್ಲಿದ್ದರೆ ಇವತ್ತೇ ಹೊರಗಿಡಿ. ಮುಚ್ಚಳ ಬಿಗಿಯಾಗಿದ್ದರೂ ಅದರ ಹಬೆ ಸೋರಿ ಕೋಣೆಯಲ್ಲಿರುವ ಉಕ್ಕಿಗೆಲ್ಲ ತುಕ್ಕು ಹಿಡಿಸುತ್ತದೆ.