ಸಹಾಯ ಬೇಕು: ಗಿಟಾರ್ ಫ್ರೆಟ್‌ಬೋರ್ಡ್‌ಗೆ ಹಳೇ ಬೀಟೆ ಹಲಗೆ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲೇ ಒಬ್ಬರ ಹತ್ತಿರ ಎಲೆಕ್ಟ್ರಿಕ್ ಗಿಟಾರ್ ಮಾಡಿಸುತ್ತಿದ್ದೇನೆ. ನೆಕ್ (ಕೈ ಹಿಡಿಯುವ ಉದ್ದನೆಯ ಭಾಗ) ಮೇಪಲ್ ಮರದ್ದು, ಸ್ಕೇಲ್ (ತಂತಿ ಕಂಪಿಸುವ ಉದ್ದ) 25.5 ಇಂಚು, 22 ಫ್ರೆಟ್ (ಅಡ್ಡಕ್ಕೆ ಕೂರಿಸುವ ಲೋಹದ ಪಟ್ಟಿ). ಫ್ರೆಟ್‌ಬೋರ್ಡ್, ಅಂದರೆ ನೆಕ್ ಮೇಲೆ ಬೆರಳು ಒತ್ತುವ ಹಲಗೆ, ಅದರ ಮರ ಮಾತ್ರ ತೀರ್ಮಾನ ಆಗುತ್ತಿಲ್ಲ.

"ಮೇಪಲ್ ಹಾಕಲಾ, ಬೀಟೆ ಹಾಕಲಾ, ನೀವೇ ಹೇಳಿ ಸರ್" ಅಂತ ಅವರು ನನ್ನ ತಲೆಗೇ ಕಟ್ಟಿದ್ದಾರೆ. ಮೇಪಲ್ ನೋಡೋಕೆ ಚೆಂದ, ಆದರೆ ಮೇಲೆ ಲ್ಯಾಕರ್ ಬೇಕೇ ಬೇಕು, ಇಲ್ಲದಿದ್ದರೆ ಬೆವರಿಗೆ ಕಪ್ಪಾಗುತ್ತದೆ. ನನ್ನ ಕೈ ಬೇರೆ ಜಾಸ್ತಿ ಬೆವರುತ್ತದೆ, ಲ್ಯಾಕರ್ ಮೇಲೆ ಬೆರಳು ಅಂಟುತ್ತದೆ. ಬೀಟೆಗೆ ಆ ರಗಳೆ ಇಲ್ಲ, ಅದರಲ್ಲೇ ಎಣ್ಣೆ ಅಂಶ ಇರುತ್ತದೆ ಅಲ್ವಾ.

ಅಂಗಡಿಗಳಲ್ಲಿ ಎರಡನ್ನೂ ನುಡಿಸಿ ನೋಡಿದೆ. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ತಂತಿ ಎಲ್ಲ ಬೇರೆ ಬೇರೆ, ಅದರಲ್ಲಿ ಮರದ ಸದ್ದು ಯಾವುದು ಅಂತ ಹೇಗೆ ಗೊತ್ತಾಗಬೇಕು! ವಿಡಿಯೋ ನೋಡಿದರೆ ಇನ್ನೂ ಗೊಂದಲ.

ಮನಸ್ಸು ಬೀಟೆ ಕಡೆಗೇ ಇದೆ. ಊರಿನ ಮನೆಯಲ್ಲಿ ಹಳೇ ಬೀಟೆ ಮಂಚದ ಹಲಗೆ ಒಂದಿದೆ, ಚೆನ್ನಾಗಿ ಒಣಗಿದೆ. ಬೋರ್ಡ್‌ಗೆ ಬೇಕಾದ ಉದ್ದ, ಅಗಲ ಸಿಗುತ್ತದೆ. ಆದರೆ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಎಳೆಗಳೂ ಅಲ್ಲಿ ಓರೆಯಾಗಿ ಓಡಿವೆ. ಏಪ್ರಿಲ್ ಬಿಸಿಲಿಗೆ ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಹೊರಗೆ ಬಂದು ಕೈಗೆ ಚುಚ್ಚಿದರೆ ಅನ್ನೋ ಭಯ.

ಹಳೇ ಪೀಠೋಪಕರಣದ ಬೀಟೆಯಿಂದ ಫ್ರೆಟ್‌ಬೋರ್ಡ್ ಮಾಡಿಸಿದವರು ಯಾರಾದರೂ ಇದ್ದೀರಾ? ಆ ಬಿರುಕಿನ ತುದಿ ಕತ್ತರಿಸಿ ಉಳಿದದ್ದನ್ನು ಬಳಸಬಹುದಾ, ಅಥವಾ ಸುಮ್ನೆ ಹೊಸ ಬೀಟೆ ತುಂಡು ಕೊಳ್ಳುವುದೇ ವಾಸಿನಾ?