ಟೊಮೆನ್ ಇ ಮುರ್: ಗೋಡೆಯೇ ಇಲ್ಲದ ದಿಬ್ಬವನ್ನು ಕೋಟೆ ಎನ್ನುವುದು ಹೇಗೆ?

ಪ್ರಶ್ನೆ

ಉತ್ತರ ವೇಲ್ಸ್‌ನ ಟ್ರೌಸ್‌ವನಿದ್ ಸರೋವರದ ಸಮೀಪ, ಎತ್ತರದ ಬಯಲಿನಲ್ಲಿರುವ ಟೊಮೆನ್ ಇ ಮುರ್ ಎಂಬ ತಾಣದ ಬಗ್ಗೆ ಓದುತ್ತಿದ್ದೇನೆ. ಕ್ರಿ.ಶ. ಮೊದಲ ಶತಮಾನದ ರೋಮನ್ ಸೇನಾ ಠಾಣ್ಯದೊಳಗೆ ಹುಲ್ಲು ಹೊದ್ದ ದೊಡ್ಡ ಮಣ್ಣಿನ ದಿಬ್ಬವೊಂದಿದ್ದು, ಅದನ್ನು ಮಧ್ಯಯುಗದ ಕೋಟೆಯೆಂದು ಗುರುತಿಸಲಾಗಿದೆ. ಚಿತ್ರಗಳಲ್ಲಿ ಗೋಡೆಯಾಗಲಿ ಬುರುಜಾಗಲಿ ಕಾಣುವುದಿಲ್ಲ. ಹೀಗಿರುವಾಗ ಅದನ್ನು ಕೋಟೆ ಎನ್ನಲು ಆಧಾರವೇನು? ರೋಮನ್ನರು ತೊರೆದುಹೋದ ಜಾಗವನ್ನೇ ಆರಿಸಿಕೊಂಡದ್ದೇಕೆ?

ಉತ್ತರ 1

ಕೋಟೆ ಎಂದೊಡನೆ ನಮಗೆ ಕಲ್ಲು ನೆನಪಾಗುತ್ತದೆ. ಆದರೆ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದ ಹೆಚ್ಚಿನ ಕೋಟೆಗಳು ಮಣ್ಣು ಮತ್ತು ಮರದವು. ಸುತ್ತಲೂ ಕಂದಕ ತೋಡಿ, ಆ ಮಣ್ಣನ್ನೇ ನಡುವೆ ಪೇರಿಸಿ, ತುದಿಯನ್ನು ಸಮತಟ್ಟು ಮಾಡಿ, ಅಂಚಿಗೆ ಮರದ ಬೇಲಿಯನ್ನೂ ಅದರೊಳಗೆ ಗೋಪುರವನ್ನೂ ನಿಲ್ಲಿಸುತ್ತಿದ್ದರು. ಇಂಥ ದಿಬ್ಬಕ್ಕೆ ಮೋಟ್ ಎಂದು ಹೆಸರು. ಆ ವಿಜಯದ ಕಥೆ ಹೇಳುವ ಬೇಯೂ ಕಸೂತಿ ಪಟದಲ್ಲಿ ಹೇಸ್ಟಿಂಗ್ಸ್‌ನ ದಿಬ್ಬಕ್ಕೆ ಕೆಲಸಗಾರರು ಗುದ್ದಲಿ, ಸಲಿಕೆ ಹಿಡಿದು ಮಣ್ಣು ಪೇರಿಸುವುದನ್ನು ಕಾಣಬಹುದು. ಅದೇ ಪಟದಲ್ಲಿ ಫ್ರಾನ್ಸಿನ ಡಿನಾನ್ ಕೋಟೆಯ ದೃಶ್ಯದಲ್ಲಿ ಸೈನಿಕರು ಮರದ ಬೇಲಿಗೆ ಕೊಳ್ಳಿಯಿಡುತ್ತಿದ್ದಾರೆ.

ಮರ ಕೊಳೆತುಹೋದರೂ ಕಂಬ ನೆಟ್ಟ ಗುಣಿಯಲ್ಲಿ ತುಂಬಿಕೊಂಡ ಮಣ್ಣಿನ ಬಣ್ಣ ಸುತ್ತಲಿನ ಮಣ್ಣಿಗಿಂತ ಬೇರೆಯಾಗಿ ಉಳಿಯುತ್ತದೆ. ಇಂಗ್ಲೆಂಡಿನ ಅಬಿಂಜರ್‌ನಲ್ಲಿ 1949ರಲ್ಲಿ ದಿಬ್ಬದ ತುದಿಯನ್ನು ಅಗೆದಾಗ ಬೇಲಿಯ ಮತ್ತು ಗೋಪುರದ ನಕ್ಷೆ ದೊರೆತದ್ದು ಇಂಥ ಗುರುತುಗಳಿಂದಲೇ. ವೇಲ್ಸ್‌ನ ಗಡಿಯಲ್ಲಿರುವ ಹೆನ್ ಡೊಮೆನ್‌ನಲ್ಲಿ ಫಿಲಿಪ್ ಬಾರ್ಕರ್ ಅವರು 1960ರಿಂದ ಹಲವು ದಶಕ ಉತ್ಖನನ ನಡೆಸಿ, ಬರಿಯ ಹುಲ್ಲುಗಾವಲಿನಂತೆ ಕಾಣುತ್ತಿದ್ದ ಅಂಗಳದಲ್ಲಿ ಮರದ ಕಟ್ಟಡಗಳು ಒತ್ತೊತ್ತಾಗಿ ನಿಂತಿದ್ದವೆಂದು ತೋರಿಸಿದರು. ನನ್ನ ಮಟ್ಟಿಗೆ ಇಷ್ಟು ತಾಳ್ಮೆಯ ಅಗೆತ ಈ ಕ್ಷೇತ್ರದಲ್ಲಿ ಅಪರೂಪ.

ಉತ್ತರ 2

ಸ್ಥಳದ ಆಯ್ಕೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ರೋಮನ್ನರು ಠಾಣ್ಯವನ್ನು ಮುಂದೆ ಕಿರಿದಾಗಿಸಿದ್ದರು. ದಿಬ್ಬವಿರುವುದು ಆ ಕಿರಿದಾದ ಠಾಣ್ಯದ ಒಡ್ಡಿನ ಸಾಲಿನ ಮೇಲೆಯೇ. ಹಳೆಯ ಒಡ್ಡುಗಳು ಸಿದ್ಧವಾಗಿ ದೊರೆತದ್ದರಿಂದ ಹೊರಪ್ರಾಕಾರದ ಶ್ರಮ ಉಳಿಯುತ್ತಿತ್ತು; ರೋಮನ್ ರಸ್ತೆಗಳು ಕೂಡುವ ಜಾಗವಾದ್ದರಿಂದ ಸೈನ್ಯ ಸಾಗುವ ದಾರಿಯೂ ಅದೇ ಆಗಿತ್ತು. ಇಂಗ್ಲೆಂಡಿನ ದೊರೆ ಎರಡನೆಯ ವಿಲಿಯಂ 1095ರ ದಂಡಯಾತ್ರೆಯಲ್ಲಿ ಇಲ್ಲಿಯವರೆಗೆ ಬಂದನೆಂದು ವೇಲ್ಸ್‌ನ ವೃತ್ತಾಂತಗಳು ಹೇಳುತ್ತವೆ. ದಿಬ್ಬವನ್ನು ಆ ಸಂದರ್ಭಕ್ಕೆ ಹೊಂದಿಸುವವರಿದ್ದಾರೆ. ಅಲ್ಲಿಗೆ ಹೋಗುವವರು ರೋಮನ್ನರ ಪುಟ್ಟ ವೃತ್ತರಂಗವನ್ನೂ ತಪ್ಪದೆ ನೋಡಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮುಂದಿನ ಕಾಲದಲ್ಲಿ ಇಂಥ ದಿಬ್ಬಗಳ ಮೇಲೆ ಕಲ್ಲಿನ ಕೋಟೆ ಕಟ್ಟಲಿಲ್ಲವೇ?

ಉತ್ತರ 1

ಕೆಲವೆಡೆ ಕಟ್ಟಿದರು, ಆದರೆ ಪೇರಿಸಿದ ಮಣ್ಣು ಆ ಭಾರವನ್ನು ಎಲ್ಲೆಡೆ ತಾಳಲಿಲ್ಲ. ಸ್ಕಾಟ್ಲೆಂಡಿನ ಡಫಸ್‌ನಲ್ಲಿ ಹಳೆಯ ದಿಬ್ಬದ ಮೇಲೆ ಎಬ್ಬಿಸಿದ ಕಲ್ಲಿನ ಗೋಪುರದ ಒಂದು ಮೂಲೆ ಸೀಳಿಕೊಂಡು ಇಳಿಜಾರಿನಲ್ಲಿ ಜಾರಿದ್ದು, ಇಂದಿಗೂ ಹಾಗೆಯೇ ವಾಲಿ ನಿಂತಿದೆ. ಹೆನ್ ಡೊಮೆನ್‌ನಲ್ಲಿ ಆ ಪ್ರಯತ್ನವೇ ನಡೆಯಲಿಲ್ಲ. ಅದರ ಬದಲು ದೊರೆ ಮೂರನೆಯ ಹೆನ್ರಿ 1223ರಲ್ಲಿ ಹತ್ತಿರದ ಬಂಡೆಗಲ್ಲಿನ ಏಣಿನ ಮೇಲೆ ಮಾಂಟ್‌ಗೊಮರಿಯ ಹೊಸ ಕೋಟೆಯನ್ನು ಕಟ್ಟಿಸಲು ತೊಡಗಿದನು.