ಚರ್ಚ್ ಸಭೆ ಬಿಟ್ಟೆ, ಅಮ್ಮನಿಗೆ ಏನು ಹೇಳಲಿ?

ಹೆಬ್ಬಾಳದವಳು, ಮೈಸೂರು:
ಹನ್ನೊಂದು ವರ್ಷ ಭಾನುವಾರ ತಪ್ಪದೆ ಸಭೆಯಲ್ಲಿ ಕೀಬೋರ್ಡ್ ನುಡಿಸಿದವಳು ನಾನು. ಅಪ್ಪನ ಕ್ಯಾನ್ಸರ್ ವಾಸಿಯಾಗದಿದ್ದಾಗ ‘ನಿಮ್ಮನೇಲಿ ವಿಶ್ವಾಸ ಸಾಲದು’ ಅಂದರು ಪಾಸ್ಟರ್. ಅಲ್ಲಿಂದ ಒಂದೊಂದೇ ಎಳೆ ಬಿಚ್ಚುತ್ತಾ ಬಂದೆ. ನಂಬಿಕೊಂಡು ಬಂದದ್ದನ್ನೆಲ್ಲ ಪ್ರಶ್ನಿಸಿ ನೋಡೋದಕ್ಕೆ ಡಿಕನ್‌ಸ್ಟ್ರಕ್ಷನ್ ಅಂತಾರಲ್ಲ, ಅದೇ. ಈಗ ಅಮ್ಮ ಅನ್ನ ಬಡಿಸಿ, ನನ್ನ ಮುಖ ನೋಡದೆ ಪ್ರಾರ್ಥನೆ ಮಾಡ್ತಾಳೆ. ಯೇಸು ಬೇಡ ಅಂತ ನಾನೆಲ್ಲಿ ಅಂದೆ?

ಮಂಡ್ಯ ಮಾಮ:
ಬೇಜಾರ್ ಮಾಡ್ಕೋಬ್ಯಾಡ ಕಣವ್ವ, ಇದು ಅಮೆರಿಕದ ಗಾಳಿ. ಜೋಶುವಾ ಹ್ಯಾರಿಸ್ ಅಂತ, ಅಲ್ಲಿ ದೊಡ್ಡ ಪಾಸ್ಟರ್ ಆಗಿದ್ದೋನು. 2019ರಲ್ಲಿ ಇನ್‌ಸ್ಟಾಗ್ರಾಂನಲ್ಲೇ ನಾನಿನ್ನು ಕ್ರೈಸ್ತನಲ್ಲ ಅಂದ. ಎಳೆ ಬಿಚ್ಚೋಕೆ ಹೋದ್ರೆ ಸೀರೆನೇ ಉಳಿಯಲ್ಲ.

ಬಿಟ್ಟುಬಂದವನು:
ಅವನ ಕಥೆ ಎಲ್ಲರದ್ದೂ ಅಲ್ಲ ಮಾಮ. ನಾನು ಪೂರ್ತಿ ಬಿಟ್ಟೆ. ನನ್ನ ಹೆಂಡತಿ ಈಗ್ಲೂ ಸಿಎಸ್‌ಐ ಚರ್ಚಿಗೆ ಹೋಗ್ತಾಳೆ. ಇಬ್ಬರಿಗೂ ಮೊದಲು ಎದ್ದ ಪ್ರಶ್ನೆ ಒಂದೇ.

ಕೀರ್ತನೆ ಅಜ್ಜಿ:
ಸತ್ತು ಎದ್ದುಬಂದಿದ್ದನ್ನ ನಂಬೋಕೆ ಗಾಯ ಮುಟ್ಟಿ ನೋಡ್ಬೇಕು ಅಂದ ಶಿಷ್ಯ ತೋಮನನ್ನ ಯೇಸು ಹೊರಗೆ ಹಾಕಲಿಲ್ಲ ಮಗಾ, ಕೈ ಚಾಚು ಅಂದ. ಬೈಬಲಿನ 13ನೇ ಕೀರ್ತನೆ ಓದು. ಇನ್ನೆಷ್ಟು ದಿನ ಮರೀತೀಯ ಅಂತ ದೇವರನ್ನೇ ಕೇಳೋದು ಅದು.

ಹೆಬ್ಬಾಳದವಳು, ಮೈಸೂರು:
ರಾತ್ರಿ ಅಮ್ಮನ ಪಕ್ಕ ಕೂತು ಓದಿದೆ ಅಜ್ಜಿ. ಏನೂ ಅನ್ನಲಿಲ್ಲ. ಉಪ್ಪಿನಕಾಯಿ ಭರಣಿ ನನ್ನ ಕಡೆ ಸರಿಸಿದಳು.